ಮನೆಮಾತು: ಕಾಯುವ ತಿಂಗಳು



ಹೋದ ಸಂಚಿಕೆಯಲ್ಲಿ ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸುವದರ ಕುರಿತು ಬರೆಯಲಾರಂಭಿಸಿ, ಅದರ ಉತ್ತರಾರ್ಧವನ್ನು ಈ ಸಲ ಒಪ್ಪಿಸುವದಾಗಿ ಮಾತುಕೊಟ್ಟಿದ್ದೆವು. ಆ ಮಾತು ನಡೆಯಲಿಲ್ಲ, ಕ್ಷಮೆಯಿರಲಿ. ಕಾರಣವನ್ನು ಮುಚ್ಚಿಡುವದಕ್ಕಿಂತ ಹೇಳಿಬಿಡುವದೇ ಲೇಸೆಂದು ತೋರಿದ್ದರಿಂದ ಈ ತಿಂಗಳ ಬರಹವೆಲ್ಲ ಆ ಕಾರಣದ ವಿಷಯವೇ ಆಗಿದೆ. ನಮ್ಮ ಎಡಗಡೆಯ ಮೂತ್ರಪಿಂಡದಲ್ಲಿ ಅರ್ಬುದವಿರುವದಾಗಿ, ಅಂದರೆ ಈಗ ಎಲ್ಲರೂ ಕ್ಯಾನ್ಸರ್ ಎನ್ನುವ ರೋಗವಿರುವದಾಗಿ ವೈದ್ಯರು ನಿಶ್ಚಯಿಸಿದ್ದಾರೆ. ಶಸ್ತ್ರಕ್ರಿಯೆಗೆ ದಿನ ಗೊತ್ತಾಗಿದೆ. ಇದನ್ನು ಬರೆಯುವ ಹೊತ್ತಿಗೆ ಆ ದಿನಕ್ಕೆ ಇನ್ನೂ ಹನ್ನೊಂದು ದಿನಗಳುಂಟು.

ಸಂಗತಿಯು ಹೊರಬಿದ್ದ ಬಗೆಯನ್ನು ಮೊದಲು ಹೇಳುವೆವು. ಅದರಲ್ಲಿ ನಮ್ಮದೊಂದು ತಪ್ಪಿದೆ, ಅದು ಇತರರಿಗೆ ಉಪಯೋಗವಾದೀತು. ಯುಗಾದಿಯ ಆಚೀಚೆ ಒಂದು ಮುಂಜಾನೆ ಮೂತ್ರವು ಕೆಂಪಾಗಿ ಹೋಯಿತು. ನೋವಿಲ್ಲ, ಉರಿಯಿಲ್ಲ. ಗೋಕಾವಿಯ ಬಿಸಿಲನ್ನು ಬಲ್ಲವರು ಬಲ್ಲರು. "ಉಷ್ಣ ಆಗೇದ್ರೀ" ಎಂದು ಮನೆಯವರು ಕೊತ್ತಂಬರಿ ಬೀಜ ನೆನೆಯಿಟ್ಟ ನೀರು ಕೊಟ್ಟರು. ಮರುದಿನ ಬಣ್ಣ ತಿಳಿಯಾಯಿತು. ಕೊತ್ತಂಬರಿಯ ಗುಣವನ್ನು ನಾವು ನಾಲ್ಕು ಜನರ ಮುಂದೆ ಹೊಗಳಿದ್ದೂ ಉಂಟು. ಆಮೇಲೆ ನಾಲ್ಕು ತಿಂಗಳು ಅದರ ನೆನಪೇ ಇಲ್ಲ. ಈಗ ವೈದ್ಯರು ಹೇಳುವದೇನಂದರೆ, ಹೀಗೆ ನೋವಿಲ್ಲದೆ ರಕ್ತ ಹೋಗಿ ತಾನಾಗಿ ನಿಂತದ್ದೇ ಹೆಚ್ಚು ಸಂಶಯಪಡತಕ್ಕದ್ದು. ಹರಳಾಗಿದ್ದರೆ ಬಹುಶಃ ನೋವು ಮನುಷ್ಯನನ್ನು ದವಾಖಾನೆಗೆ ಎಳೆದೊಯ್ಯುವದು. ಗಂತಿಯು ಒಂದು ಸಲ ರಕ್ತ ತೋರಿಸಿ ತಿಂಗಳುಗಟ್ಟಲೆ ಸುಮ್ಮನಿರಬಲ್ಲದು. ಹೆಣ್ಣುಮಕ್ಕಳಂತೂ ಇಂಥದನ್ನು ಮುಟ್ಟಿನ ಏರುಪೇರೆಂದೆಣಿಸಿ ಬಾಯಿಬಿಡುವದೇ ಇಲ್ಲ. ಒಂದೇ ಸಲ ಕಂಡರೂ ಸರಿಯೆ, ಹೋಗಿ ತೋರಿಸಿರಿ. ಕೊತ್ತಂಬರಿ ನೀರನ್ನು ಬೇಕಾದರೆ ಬಂದ ಮೇಲೆ ಕುಡಿಯಿರಿ.

ಶ್ರಾವಣದಲ್ಲಿ ತಂಗಿಯ ಮನೆಗೆಂದು ಮೂಡಲಗಿಗೆ ಹೋಗಿದ್ದೆವು. ಹೋಳಿಗೆಯ ಊಟವಾದ ರಾತ್ರಿ ಬಲಪಕ್ಕೆಯಲ್ಲಿ ನೋವು. ಪಿತ್ತಕೋಶದಲ್ಲಿ ಹರಳಿರಬಹುದೆಂದು ಅಲ್ಲಿಯ ಡಾಕ್ಟರರು ಹೊಟ್ಟೆಯ ಸ್ಕ್ಯಾನಿಂಗು ಮಾಡಿಸಹೇಳಿದರು. ಅದನ್ನು ಮಾಡುವ ತರುಣ ವೈದ್ಯರು ಬಲಗಡೆಯನ್ನು ನೋಡುವಷ್ಟು ಹೊತ್ತೂ ಕ್ರಿಕೆಟಿನ ಮಾತಾಡುತ್ತಿದ್ದರು. ಕೈ ಎಡಗಡೆಗೆ ಬಂತು, ಮಾತು ನಿಂತಿತು. ಹರಳೇನೋ ಸಿಕ್ಕಿತು, ಸಾಸಿವೆಯಷ್ಟು. ಅದನ್ನು ಕೇಳುವವರೇ ಇಲ್ಲದಾಯಿತು. ಈಗಿನ ಕಾಲದಲ್ಲಿ ಮೂತ್ರಪಿಂಡದ ಅರ್ಬುದವು ಬಹಳ ಸಲ ಹೀಗೆಯೇ, ಮತ್ತೇನನ್ನೋ ಹುಡುಕಹೋದಲ್ಲಿ ಸಿಕ್ಕುವದಂತೆ. ರಕ್ತ, ಪಕ್ಕೆನೋವು, ಕೈಗೆ ತಾಕುವ ಗಡ್ಡೆ ಎಂದು ಹಳೆಯ ವೈದ್ಯಗ್ರಂಥಗಳು ಹೇಳುವ ಮೂರೂ ಲಕ್ಷಣಗಳು ಕೂಡಿ ಕಾಣುವದು ಈಗ ನೂರರಲ್ಲಿ ಹತ್ತು ಜನರಲ್ಲಿಯೂ ಇಲ್ಲ.

ಮುಂದೆ ಬೆಳಗಾವಿ; ನರದೊಳಗೆ ಔಷಧಿ ಬಿಟ್ಟು ತೆಗೆಯುವ ಸಿ. ಟಿ. ಚಿತ್ರ, ಎರಡು ದಿನ ಬಿಟ್ಟು ವರದಿ. ವರದಿಯ ದಿನ ಮಗನು ವೈದ್ಯರ ಕೋಣೆಗೆ ತಾನೊಬ್ಬನೇ ಹೋದನು. ಹೊರಗೆ ಬಂದು, "ಸಣ್ಣ ಗಂಟು ಅದ ಅಪ್ಪಾ. ತಗದ್ರ ಆತು. ನೀವೇನ ಚಿಂತೀ ಮಾಡಬ್ಯಾಡ್ರಿ" ಎಂದನು. ಬಸ್ಸು ಗೋಕಾವಿಯನ್ನು ಮುಟ್ಟುವ ತನಕ ಅವನು ನಮ್ಮ ಕಡೆಗೆ ಒಮ್ಮೆಯೂ ನೋಡಲಿಲ್ಲ. ಮೂವತ್ತಾರು ವರುಷ ಹುಡುಗರ ಸುಳ್ಳನ್ನು ಹಿಡಿದು ಹೊಟ್ಟೆ ಹೊರೆದವರು ನಾವು. ಸ್ವಂತ ಮಗನ ಸುಳ್ಳನ್ನು ಹಿಡಿಯಲು ಕಷ್ಟವಾಗಲಿಲ್ಲ. ಆದರೆ ಅದನ್ನು ಬಿಡಿಸಿ ಕೇಳುವ ಧೈರ್ಯ ಆಗ ಬರಲಿಲ್ಲವೆಂಬುದನ್ನೂ ಒಪ್ಪಬೇಕು.

ರಾತ್ರಿ ಎಲ್ಲರೂ ಮಲಗಿದ ಮೇಲೆ ಎದ್ದು ಹುಡುಕಿದೆವು. ದೊಡ್ಡ ಲಕೋಟೆಯು ಅಲಮಾರಿನಲ್ಲಿ ಸೀರೆಗಳ ಕೆಳಗೆ ಇತ್ತು. ಇಂಗ್ಲಿಷಿನ ವೈದ್ಯಶಬ್ದಗಳು ನಮಗೆ ಅಷ್ಟಾಗಿ ಬರುವದಿಲ್ಲ. ಆದರೂ ಕೊನೆಯ ಎರಡು ಸಾಲಿನ ಅರ್ಥಕ್ಕೆ ಕೋಶವೇನೂ ಬೇಕಾಗಲಿಲ್ಲ. ಲಕೋಟೆಯನ್ನು ಮಡಿಚುವಾಗ ಹಿಂದಿನಿಂದ "ಓದಿದ್ರಿ?" ಎಂಬ ದನಿ ಕೇಳಿತು. "ಓದಿದೆ" ಎಂದೆವು. ಅಲ್ಲಿಂದ ಬೆಳಗಾಗುವವರೆಗೆ ಇಬ್ಬರೂ ಅಡಿಗೆಮನೆಯಲ್ಲಿ ಕುಳಿತೆವು. ಎರಡು ಸಲ ಚಹಾ ಆಯಿತು. ಮಾತು ಹೆಚ್ಚಾಗಲಿಲ್ಲ, ಆದರೆ ಬಸ್ಸಿನಲ್ಲಿ ಎದೆಯ ಮೇಲೆ ಕುಳಿತಿದ್ದ ಕಲ್ಲು ಆ ಹೊತ್ತಿನಲ್ಲಿ ತುಸು ಸರಿಯಿತು. ರೋಗಿಯು ತಿಳಿಯದವನಂತೆ ನಟಿಸುವದು, ಮನೆಯವರು ಏನೂ ಇಲ್ಲದವರಂತೆ ನಟಿಸುವದು, ಈ ನಾಟಕದ ದಣಿವು ಬೇನೆಯ ದಣಿವಿಗಿಂತ ಹೆಚ್ಚಿನದು.

ಈ ಮುಚ್ಚುಮರೆಯ ಮೇಲೆ ನಮಗೆ ಹಳೆಯದೊಂದು ಸಿಟ್ಟು ಉಂಟು, ಅದು ನಮ್ಮ ಮೇಲೆಯೇ. ಮೂಡಲಗಿಯ ಅದೇ ತಂಗಿಯ ಯಜಮಾನರು ಇಪ್ಪತ್ತು ವರುಷಗಳ ಹಿಂದೆ ಜಠರದ ಅರ್ಬುದದಿಂದ ತೀರಿಕೊಂಡರು. ಅವರಿಗೆ ಕೊನೆಯ ತನಕ "ಹೊಟ್ಟ್ಯಾಗ ಹುಣ್ಣು" ಎಂದೇ ಹೇಳಲಾಗಿತ್ತು. ಐದು ತಿಂಗಳು ಅವರು ಹುಣ್ಣು ಮಾಯುವ ಹಾದಿ ಕಾಯ್ದರು. ಒಂದು ದಿನ ಕೋಣೆಯಲ್ಲಿ ನಾವಿಬ್ಬರೇ ಇದ್ದಾಗ, "ಮಾಸ್ತರ, ನೀವರ ಖರೇ ಹೇಳ್ರಿ" ಎಂದು ಕೈ ಹಿಡಿದರು. ನಾವು ಹುಣ್ಣೆಂದೇ ಹೇಳಿದೆವು. ಅವರು ಕೈ ಬಿಟ್ಟು ಗೋಡೆಯ ಕಡೆಗೆ ಹೊರಳಿದರು. ಅಣ್ಣತಮ್ಮಂದಿರ ಬಾವಿಯ ಪಾಲು, ಕೈಗಡ ಕೊಟ್ಟ ರೊಕ್ಕ, ಯಾವದೂ ಕಾಗದಕ್ಕೆ ಬಂದಿರಲಿಲ್ಲ. ಗುಣವಾದ ಮೇಲೆ ನೋಡಿದರಾಯಿತೆಂದು ಅವರು ಬಿಟ್ಟಿದ್ದರು. ತಂಗಿಯು ಆಮೇಲೆ ಹನ್ನೊಂದು ವರುಷ ಕೋರ್ಟಿನ ಮೆಟ್ಟಿಲು ಏರಿಳಿದಳು. ಇಷ್ಟನ್ನು ಉಂಡವಳೇ ಈಗ ನಮ್ಮ ಸುದ್ದಿ ಕೇಳಿ ಓಡಿಬಂದು, ಅಡಿಗೆಮನೆಯಲ್ಲಿ ಪಿಸುಮಾತಿನಲ್ಲಿ, "ವೈನಿ, ಅಣ್ಣಗ ಖರೇ ಹೆಸರು ಹೇಳಬ್ಯಾಡ್ರಿ, ಎದಿ ಒಡಕೊಂಡಾನು" ಎಂದಳು! ನಾವು ಪಡಸಾಲೆಯಿಂದಲೇ, "ತಂಗೀ, ನನಗ ಗೊತ್ತದವಾ, ಹೊರಗ ಬಾ" ಎಂದು ಕೂಗಬೇಕಾಯಿತು. ಅವಳು ಬಂದು ಅತ್ತಳು. ಅತ್ತ ಮೇಲೆ ಎಲ್ಲರೂ ಕೂಡಿ ಊಟಮಾಡಿದೆವು.

ಹೆಸರಿನ ಮಾತು ಬಂತು. ಸಂಸ್ಕೃತ ಓದಿದವನಿಗೆ ಶಬ್ದದ ಬೆನ್ನು ಹತ್ತುವ ಚಟ ರೋಗದಲ್ಲಿಯೂ ಹೋಗುವದಿಲ್ಲ, ವಾಚಕರು ಸೈರಿಸಬೇಕು. ಕರ್ಕ ಎಂದರೆ ಏಡಿ. ಗ್ರೀಕರೂ ಏಡಿಯ ಹೆಸರನ್ನೇ ಈ ರೋಗಕ್ಕಿಟ್ಟರು. ಗಂತಿಯ ಸುತ್ತಲಿನ ಉಬ್ಬಿದ ನರಗಳು ಅವರಿಗೆ ಏಡಿಯ ಕಾಲುಗಳಂತೆ ಕಂಡವಂತೆ. ಕನ್ನಡದ ಏಡಿಗಂತಿ ಎಂಬ ಮಾತೂ ಆ ಕಲ್ಪನೆಯದೇ. ನಮ್ಮವರ ಅರ್ಬುದವು ಬೇರೆ. ಅದು ಹತ್ತು ಕೋಟಿಯ ಸಂಖ್ಯೆಗೂ ಹೆಸರು. ಜೀವಕಣಗಳು ಲೆಕ್ಕ ತಪ್ಪಿ ಬೆಳೆಯುವ ಈ ರೋಗಕ್ಕೆ ಆ ಹೆಸರು ಒಪ್ಪುವದೆಂದು ನಮಗೆ ನಗು ಬಂತು. ಸುಶ್ರುತನು ಹೇಳುವ ಅರ್ಬುದದ ಲಕ್ಷಣಗಳು ಇವು: ದುಂಡಗಿರುವದು, ಅಲುಗದಿರುವದು, ನೋವು ಕಡಿಮೆ, ಬೇರು ಆಳ, ಕೀವಾಗುವದಿಲ್ಲ, ಬಹುಕಾಲಕ್ಕೆ ಬೆಳೆಯುವದು. ಸ್ವಲ್ಪ ಉಳಿಸಿದರೂ ಮತ್ತೆ ಬರುವದರಿಂದ ಉಳಿಯದಂತೆ ತೆಗೆಯಬೇಕೆಂದೂ ಅವನ ಅಭಿಪ್ರಾಯ. ಇನ್ನು ಮೂತ್ರಪಿಂಡಕ್ಕೆ ಚರಕ ಸುಶ್ರುತರು ಕೊಡುವ ಹೆಸರು ವೃಕ್ಕ. ಅದನ್ನು ಅವರು ಮೇದಸ್ಸಿನೊಡನೆ ಸೇರಿಸಿದರು, ಮೂತ್ರದೊಡನೆ ಸೇರಿಸಲಿಲ್ಲ. ಕೊಬ್ಬಿನ ಮೆತ್ತೆಯೊಳಗೆ ಹುದುಗಿರುವ ಅಂಗವನ್ನು ಕಂಡವರಿಗೆ ಹಾಗೆ ತೋರಿದ್ದು ಸಹಜ. ಎರಡಿರುವದರಿಂದ ಅವರು ಅದನ್ನು 'ವೃಕ್ಕೌ' ಎಂದು ದ್ವಿವಚನದಲ್ಲಿ ಹೇಳುವರು. ಹನ್ನೊಂದು ದಿನಗಳ ತರುವಾಯ ನಮ್ಮ ಮಟ್ಟಿಗೆ ಆ ಶಬ್ದವು ಏಕವಚನವಾಗುವದು. ಇದನ್ನು ಮನೆಯವರಿಗೆ ಹೇಳಿದಾಗ, "ವ್ಯಾಕರಣಾ ಸಾಕ್ರೀ, ಗುಳಗಿ ತಗೋರಿ" ಎಂದರು.

ಪುನಃ ಬೆಳಗಾವಿಗೆ ಹೋದಾಗ ಕೋಣೆಯೊಳಗೆ ನಾವೇ ಹೋದೆವು. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡಿದ್ದೆವು. ಇಂಥ ಕೋಣೆಗಳಲ್ಲಿ ಮನುಷ್ಯನಿಗೆ ತನ್ನ ಹೆಸರೂ ಮರೆಯುತ್ತದೆ. ವೈದ್ಯರು ಸಾವಕಾಶವಾಗಿ ಉತ್ತರ ಕೊಟ್ಟರು. ಗಂತಿಯ ಅಳತೆ ೫.೮ ಸೆಂಟಿಮೀಟರು, ಒಂದು ದೊಡ್ಡ ನಿಂಬೆಹಣ್ಣಿನಷ್ಟು. ಏಳು ಸೆಂಟಿಮೀಟರಿನ ಒಳಗಿದ್ದು ಮೂತ್ರಪಿಂಡದ ಎಲ್ಲೆಯನ್ನು ದಾಟದಿದ್ದರೆ ಅದು ಮೊದಲನೆಯ ಹಂತವೆನಿಸುವದು. ಬೇರೆ ಅವಯವಗಳಲ್ಲಿ ಏನೂ ಕಾಣಲಿಲ್ಲ. ಮೂತ್ರಪಿಂಡದ ಹೊರಗೆ ಹೋಗುವ ಮೊದಲೇ ಸಿಕ್ಕವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರು ಐದು ವರುಷ ದಾಟುವರೆಂದು ಅಮೇರಿಕೆಯ ಲೆಕ್ಕವುಂಟು. ಗಂತಿಯು ತುದಿಯಲ್ಲಿದ್ದರೆ ಅಷ್ಟನ್ನೇ ಕೊಯ್ದು ಮೂತ್ರಪಿಂಡವನ್ನು ಉಳಿಸಬಹುದು. ನಮ್ಮದು ರಕ್ತನಾಳಗಳು ಒಳಹೋಗುವ ಬಾಯಿಯ ಹತ್ತಿರವಿರುವದರಿಂದ ಪೂರ್ಣ ಅಂಗವನ್ನೇ ತೆಗೆಯಬೇಕಾಗಿದೆ.

"ಸೂಜಿ ಹಾಕಿ ತುಣುಕು ತೆಗೆದು ಪರೀಕ್ಷಿಸದೆ ಇದನ್ನು ಅರ್ಬುದವೆಂದು ಹೇಗೆ ಹೇಳುವಿರಿ?" ಎಂದು ಕೇಳಿದೆವು. ಮೂತ್ರಪಿಂಡದಲ್ಲಿ ಬಹಳ ಸಲ ಆ ಪರೀಕ್ಷೆ ಬೇಕಾಗುವದಿಲ್ಲವಂತೆ. ಔಷಧಿಯು ಗಂತಿಯೊಳಗೆ ಹರಿಯುವ ರೀತಿಯನ್ನು ಚಿತ್ರದಲ್ಲಿ ನೋಡಿಯೇ ಹೆಚ್ಚು ಕಡಿಮೆ ನಿರ್ಧರಿಸಬಹುದು, ತೆಗೆದ ಮೇಲೆ ಸಮಗ್ರ ಪರೀಕ್ಷೆ ಇದ್ದೇ ಇದೆ. ಸಣ್ಣ ಗಂತಿಗಳಲ್ಲಿ ಐದಕ್ಕೊಂದರಂತೆ ನಿರಪಾಯಕರವೂ ಇರುವವಾದ್ದರಿಂದ, ಸಂಶಯವಿದ್ದಲ್ಲಿ ಸೂಜಿಯನ್ನೂ ಹಾಕುವದುಂಟು. ಕೂದಲು ಉದುರಿಸುವ ಕಿಮೋಥೆರಪಿಯ ಮಾತೇ ಇಲ್ಲ. ಈ ರೋಗವು ಸಾಮಾನ್ಯವಾಗಿ ಅದಕ್ಕೆ ಜಗ್ಗುವದಿಲ್ಲ. ರೋಗವು ಹೊರಗೆ ಹರಡಿದವರಿಗೆ ೨೦೦೫ರ ತರುವಾಯ ಬೇರೆ ಜಾತಿಯ ಗುಳಿಗೆಗಳೂ, ದೇಹದ ಸ್ವಂತ ರಕ್ಷಣಾಶಕ್ತಿಯನ್ನು ಎಚ್ಚರಿಸುವ ಔಷಧಿಗಳೂ ಬಂದಿವೆ. ನಮಗೆ ಸದ್ಯ ಅವುಗಳ ಪ್ರಮೇಯವಿಲ್ಲ.

ಕೊನೆಯ ಪ್ರಶ್ನೆಯು ನಿಜವಾದ ಪ್ರಶ್ನೆಯಾಗಿತ್ತು. "ಇಂದು ತಿಳಿದ ಮೇಲೆ ನಾಳೆಯೇ ಯಾಕೆ ತೆಗೆಯುವದಿಲ್ಲ? ನಾಲ್ಕು ವಾರ ಯಾಕೆ?" ವೈದ್ಯರು ನಕ್ಕು, "ಮಾಸ್ತರ, ಇದು ನಿನ್ನೆ ರಾತ್ರಿ ಬಂದದ್ದಲ್ಲರೀ" ಎಂದರು. ಚಿಕ್ಕ ಗಂತಿಗಳನ್ನು ತೆಗೆಯದೆ ವರ್ಷಗಟ್ಟಲೆ ನೋಡುತ್ತ ಬಂದಲ್ಲಿ ಅವು ಸರಾಸರಿ ವರುಷಕ್ಕೆ ೩ ಮಿಲಿಮೀಟರಿನಷ್ಟು ಬೆಳೆದದ್ದು ಕಂಡಿದೆ. ನಮ್ಮದು ಅಷ್ಟು ಚಿಕ್ಕದಲ್ಲ; ಆದರೂ ಮೂರು ನಾಲ್ಕು ವಾರದಲ್ಲಿ ಅದರ ಹಂತ ಬದಲಾಗುವ ಸಂಭವ ಬಹಳ ಕಡಿಮೆಯೆಂದರು. ಅಷ್ಟರಲ್ಲಿ ರಕ್ತದೊತ್ತಡ ಹಿಡಿತಕ್ಕೆ ಬರಬೇಕು, ಹೃದಯದ ಪರೀಕ್ಷೆಯಾಗಬೇಕು, ರಕ್ತ ತೆಳುವಾಗಿಸುವ ಗುಳಿಗೆಯನ್ನು ನಿಲ್ಲಿಸಬೇಕು, ಅರಿವಳಿಕೆಯ ವೈದ್ಯರು ಒಪ್ಪಬೇಕು. ಸುಶ್ರುತನ 'ಬಹುಕಾಲಕ್ಕೆ ಬೆಳೆಯುವದು' ಎಂಬ ಲಕ್ಷಣವು ನಮಗೆ ಆ ಕೋಣೆಯಲ್ಲಿ ನೆನಪಾಗಿ ಸಮಾಧಾನ ಕೊಟ್ಟಿತು. ಆದರೆ ಎಲ್ಲರೂ ಹೀಗೆ ಕಾಯಬಹುದೆಂದು ವಾಚಕರು ತಿಳಿಯಬಾರದು. ಗಂತಿಯು ದೊಡ್ಡ ರಕ್ತನಾಳದೊಳಗೆ ಚಾಚಿದವರಿಗೆ ವೈದ್ಯರೇ ಅವಸರ ಮಾಡುವರು. ಎಷ್ಟು ಕಾಯಬಹುದೆಂಬುದನ್ನು ನೋಡಿದ ವೈದ್ಯರಿಂದಲೇ ಕೇಳಿ ತಿಳಿಯತಕ್ಕದ್ದು.

ಬುದ್ಧಿಯು ಒಪ್ಪಿತು. ಆದರೆ ರಾತ್ರಿ ಮೂರು ಗಂಟೆಗೆ ಬುದ್ಧಿಯು ಮಲಗಿರುತ್ತದೆ. ಆ ಹೊತ್ತಿಗೆ ಎಡಪಕ್ಕೆಯ ಮೇಲೆ ಕೈಯಿಟ್ಟುಕೊಂಡು, ಒಳಗೆ ಅದು ಬೆಳೆಯುವ ಸಪ್ಪಳ ಕೇಳುತ್ತದೆಯೋ ಎಂದು ಕಿವಿಗೊಟ್ಟದ್ದುಂಟು. ಕೆಮ್ಮು ಬಂದರೆ ಶ್ವಾಸಕೋಶಕ್ಕೆ ಹೋಯಿತೆಂದೂ, ಬೆನ್ನು ನೊಂದರೆ ಎಲುಬಿಗೆ ಹೋಯಿತೆಂದೂ ಅನಿಸುವದು. ಹಗಲಿನಲ್ಲಿ ಇದೆಲ್ಲ ನಗೆಗೀಡು. ಗೀತೆಯ ಎರಡನೆಯ ಅಧ್ಯಾಯವನ್ನು ಎಷ್ಟೋ ಹುಡುಗರಿಗೆ ಕಲಿಸಿದ್ದೇವೆ. ಆ ಮೂರು ಗಂಟೆಗೆ ಅದು ನಾಲಿಗೆಗೆ ಬರುವದು, ಎದೆಗೆ ಇಳಿಯದು. ಇದನ್ನು ಬರೆಯಲು ನಾಚಿಕೆಯಾಗುವದು, ಆದರೂ ಬರೆದೆವು. ಇದೇ ಹೊತ್ತಿಗೆ ಎಚ್ಚತ್ತು ಕುಳಿತ ಯಾರಾದರೊಬ್ಬರು ಓದಿಯಾರು. ನಮಗೆ ಉಪಯೋಗಕ್ಕೆ ಬಂದದ್ದು ಬಹಳ ಸಣ್ಣದು: ಒಬ್ಬರೇ ಮಲಗದಿರುವದು, ಮತ್ತು ಎದ್ದಾಗ ದೀಪ ಹಚ್ಚಿ ಮನೆಯವರನ್ನು ಎಬ್ಬಿಸಲು ಸಂಕೋಚಪಡದಿರುವದು. ಅವರಿಗೂ ನಿದ್ರೆ ಇಲ್ಲವೆಂಬುದು ಎಬ್ಬಿಸಿದ ಮೇಲೆಯೇ ನಮಗೆ ತಿಳಿಯಿತು.

ನೋಡಬಂದವರ ಕಥೆಯು ಬೇರೆಯದೇ. ಅಂತಃಕರಣದ ಜನ, ಅದರಲ್ಲಿ ಸಂದೇಹವಿಲ್ಲ. ಕರದಂಟಿನ ಡಬ್ಬಿ ತಂದವರು ಎಷ್ಟೋ. ಒಬ್ಬರು ಮಾತ್ರ ಈಶ್ವರಿ ಬಳ್ಳಿಯ ಬೇರನ್ನು ತಂದು, ತೇದು ಕುಡಿದರೆ ಗಡ್ಡೆ ಕರಗುವದೆಂದು ಆಣೆಯಿಟ್ಟರು. ಆಯುರ್ವೇದದ ಮೇಲೆ ನಮಗೆ ಗೌರವ ಕಡಿಮೆಯಿಲ್ಲ. ಆದರೆ ಈ ಬಳ್ಳಿಯ ಜಾತಿಯಲ್ಲಿರುವ ಆಮ್ಲವೊಂದು ಮೂತ್ರಪಿಂಡವನ್ನೇ ಕೆಡಿಸಿ ಮೂತ್ರಮಾರ್ಗದಲ್ಲಿ ಅರ್ಬುದ ಹುಟ್ಟಿಸುವದೆಂಬುದು ಈಗ ಜಗತ್ತಿಗೆ ಗೊತ್ತಾದ ಸಂಗತಿ. ಬೆಲ್ಜಿಯಂ ದೇಶದಲ್ಲಿ ಮೈ ಇಳಿಸಲೆಂದು ಇದರ ಜಾತಿಯ ಬೇರು ಕೂಡಿದ ಔಷಧಿ ತಿಂದ ಹೆಂಗಸರ ಮೂತ್ರಪಿಂಡಗಳು ಹಾಳಾದದ್ದು ೧೯೯೩ರಲ್ಲಿ ಪ್ರಕಟವಾಯಿತು. ಒಂದೇ ಮೂತ್ರಪಿಂಡದ ಮೇಲೆ ಬದುಕಬೇಕಾದವನು ಅದನ್ನು ಕಣ್ಣಿನಂತೆ ಕಾಯಬೇಕಾಗಿರುವಾಗ ಇಂಥ ಬೇರನ್ನು ಮನೆಯೊಳಗೆ ಇಡುವದೂ ಬೇಡವೆಂದು, ತಂದವರ ಮನಸ್ಸು ನೋಯದಂತೆ ತೆಗೆದುಕೊಂಡು, ಅವರು ಹೋದ ಮೇಲೆ ಒಲೆಗೆ ಹಾಕಿದೆವು. ಮೊಣಕಾಲು ನೋವಿಗೆಂದು ಪೇಟೆಯಿಂದ ತಾವೇ ತಂದು ನುಂಗುವ ಗುಳಿಗೆಗಳೂ ಈ ಸಾಲಿನವೇ. ಅವು ಮೂತ್ರಪಿಂಡಕ್ಕೆ ಹಿತವಲ್ಲ.

ಮತ್ತೊಬ್ಬರು, "ಶಿವರಾಜಕುಮಾರಗೂ ಇದ ಆಗಿತ್ತಲ್ರೀ, ಈಗ ನೋಡ್ರಿ ಹೆಂಗ ಕುಣೀತಾನ" ಎಂದರು. ಅವರದು ಮೂತ್ರಪಿಂಡವಲ್ಲ, ಮೂತ್ರಕೋಶ, ನೆರೆಮನೆಯೆನ್ನಬಹುದು. ೨೦೨೪ರ ಡಿಸೆಂಬರ ೨೪ರಂದು ಅಮೇರಿಕೆಯ ಮಿಯಾಮಿಯಲ್ಲಿ ಅವರ ಮೂತ್ರಕೋಶವನ್ನು ತೆಗೆದು, ಕರುಳಿನಿಂದ ಹೊಸದನ್ನು ರಚಿಸಿದರು. ಅದಕ್ಕೆ ಮೊದಲು ಕಿಮೋಥೆರಪಿ ಪಡೆಯುತ್ತಲೇ ಚಿತ್ರೀಕರಣಕ್ಕೆ ಹೋಗುತ್ತಿದ್ದರೆಂದೂ, ಭಯವಾಗಿತ್ತೆಂದೂ ಅವರು ತಾವೇ ಹೇಳಿಕೊಂಡದ್ದುಂಟು. ಸಿನೆಮಾದ ವಿಷಯ ನಮಗೆ ತಿಳಿಯದು. ಆದರೆ ಅಷ್ಟು ಜನರು ವೀರನೆಂದು ಪೂಜಿಸುವವರು ಭಯವಾಯಿತೆಂದು ಬಹಿರಂಗವಾಗಿ ಅಂದದ್ದು ನಮಗೆ ಹಿಡಿಸಿತು. ಬಂದವರಿಗೆ ಮೂತ್ರಪಿಂಡ ಮೂತ್ರಕೋಶಗಳ ಭೇದವನ್ನು ಪಾಟಿಯ ಮೇಲೆ ಬರೆದು ತೋರಿಸಿದೆವು. ಕಲಿಸುವ ಕೆಲಸ ಸಿಕ್ಕರೆ ಅರ್ಧ ತಾಸು ರೋಗ ಮರೆಯುತ್ತದೆ.

ಎಲ್ಲರಿಗಿಂತ ಹೆಚ್ಚಿನ ಉಪಕಾರ ಮಾಡಿದವನು ಹುಕ್ಕೇರಿ ತಾಲೂಕಿನ ಒಬ್ಬ ರೈತ, ನಮ್ಮ ಹಳೆಯ ವಿದ್ಯಾರ್ಥಿ. ಕಬ್ಬಿಗೆ ನೀರು ಬಿಡುವದನ್ನು ತಮ್ಮನಿಗೆ ಒಪ್ಪಿಸಿ ಮೋಟಾರಸೈಕಲ್ಲಿನ ಮೇಲೆ ಬಂದನು. ಉಳಿದವರಂತೆ ಮುಖ ಸಣ್ಣದು ಮಾಡಲಿಲ್ಲ. ಅಂಗಿ ಎತ್ತಿ, ಬಲಪಕ್ಕೆಯಿಂದ ಹೊಟ್ಟೆಯವರೆಗೆ ಎಳೆದ ಗೆರೆಯಂಥ ಗಾಯದ ಕಲೆಯನ್ನು ತೋರಿಸಿದನು. "ಒಂಬತ್ತ ವರ್ಷ ಆತ್ರೀ ಗುರುಗಳ. ಒಂದರ ಮ್ಯಾಲ ನಡದೇತಿ." ನಮಗೆ ಗೊತ್ತೇ ಇರಲಿಲ್ಲ! ಮೊದಲ ಮೂರು ದಿನ ಕೆಮ್ಮಿದರೆ ಪ್ರಾಣ ಹೋದಂತಾಗುವದು, ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು ಕೆಮ್ಮಬೇಕು. ಎರಡನೆಯ ದಿನ ನರ್ಸಬಾಯಿಯವರು ನಡೆಯಹಚ್ಚಿದರೆ ಸಿಟ್ಟಿಗೇಳಬಾರದು. ಆರು ವಾರ ಭಾರ ಎತ್ತಬಾರದು, ಅವನು ಎತ್ತಿ ಬೈಸಿಕೊಂಡನು. ಮನೆಗೆ ಬಂದ ಮೇಲೆ ಕಾರಣವಿಲ್ಲದೆ ಅಳು ಬರುವದು, ಬಂದರೆ ಅಳಬೇಕು. ಇದಾವುದನ್ನೂ ನಾವು ವೈದ್ಯರಿಗೆ ಕೇಳಿರಲಿಲ್ಲ, ಕೇಳಬೇಕೆಂಬುದೇ ತಿಳಿದಿರಲಿಲ್ಲ. ಈಗ ದೊಡ್ಡ ಗಾಯವಿಲ್ಲದೆ ಸಣ್ಣ ರಂಧ್ರಗಳಿಂದ ಮಾಡುವ ವಿಧಾನವೂ ಬಂದಿದೆ. ೧೯೯೦ರಲ್ಲಿ ಅಮೇರಿಕೆಯಲ್ಲಿ ಕ್ಲೇಮನ್ ಎಂಬ ವೈದ್ಯರು ಅದನ್ನು ಮೊದಲು ಮಾಡಿದರು. ನಮಗೂ ಹಾಗೆಯೇ ಮಾಡುವರಂತೆ. ಹೋ­ಗುವಾಗ ಶಿಷ್ಯನು ಕಾಲಿಗೆರಗಿದನು. ಎಂಟನೆಯ ಇಯತ್ತೆಯಲ್ಲಿ ಸಂಧಿ ಬಾರದ್ದಕ್ಕೆ ಈ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದು ನೆನಪಾಗಿ ನಾಚಿಕೆಯಾಯಿತು.

ಒಂದರ ಮೇಲೆ ನಡೆಯುವದೆಂಬುದು ಬರಿಯ ಧೈರ್ಯದ ಮಾತಲ್ಲ. ಎರಡೂ ಮೂತ್ರಪಿಂಡಗಳು ಕೂಡಿ ದಿನಕ್ಕೆ ಸುಮಾರು ೧೮೦ ಲೀಟರು ದ್ರವವನ್ನು ರಕ್ತದಿಂದ ಸೋಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಗೆ ಬಿಟ್ಟು, ಮಿಕ್ಕದ್ದನ್ನೆಲ್ಲ ಹಿಂದಕ್ಕೆ ಕೊಡುವವು. ಒಂದು ಹೋದರೆ ಉಳಿದದ್ದು ದೊಡ್ಡದಾಗಿ ಮುಕ್ಕಾಲು ಪಾಲಿನ ಹತ್ತಿರದಷ್ಟು ಕೆಲಸವನ್ನು ಹೊತ್ತುಕೊಳ್ಳುವದು. ೧೮೬೯ರ ಆಗಸ್ಟ ೨ರಂದು ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಗುಸ್ತಾವ್ ಸಿಮೋನ್ ಎಂಬ ಶಸ್ತ್ರವೈದ್ಯರು, ಒಂದರ ಮೇಲೆ ಪ್ರಾಣಿ ಬದುಕುವದೆಂದು ಮೊದಲು ನಾಯಿಗಳಲ್ಲಿ ಪರೀಕ್ಷಿಸಿ, ಆಮೇಲೆ ಒಬ್ಬ ಹೆಣ್ಣುಮಗಳ ಮೂತ್ರಪಿಂಡವನ್ನು ತೆಗೆದರು, ಆಕೆ ಬದುಕಿದಳು. ೧೯೫೪ರ ಡಿಸೆಂಬರ ೨೩ರಂದು ಬೋಸ್ಟನ್ನಿನಲ್ಲಿ ರೊನಾಲ್ಡ್ ಹೆರಿಕ್ ಎಂಬವರು ತಮ್ಮ ಅವಳಿ ಸೋದರನಿಗೆ ಒಂದು ಮೂತ್ರಪಿಂಡವನ್ನು ಕೊಟ್ಟರು. ಜಗತ್ತಿನಲ್ಲಿ ಫಲಿಸಿದ ಮೊದಲ ಕಸಿ ಅದು. ಕೊಟ್ಟವರು ಉಳಿದೊಂದರ ಮೇಲೆ ಐವತ್ತಾರು ವರುಷ ಬಾಳಿ ೨೦೧೦ರಲ್ಲಿ ತೀರಿಕೊಂಡರು. ಅವರೂ ನಮ್ಮಂತೆ ಸಾಲಿ ಮಾಸ್ತರರು, ಗಣಿತ ಕಲಿಸುತ್ತಿದ್ದರು, ಒಕ್ಕಲುತನವನ್ನೂ ಮಾಡುತ್ತಿದ್ದರು. ಈ ಸಂಗತಿಯನ್ನು ಓದಿದ ದಿನ ನಮಗೆ ಬಂಧುವೊಬ್ಬರ ಕಾಗದ ಬಂದಷ್ಟು ಸಂತೋಷವಾಯಿತು.

ನಮ್ಮ ಬಾಲ್ಯದಲ್ಲಿ ಈ ಭಾಗದ ಹಿರಿಯರು "ಮಿರಜಿಗೆ ಒಯ್ದರು" ಎಂದರೆ ಆಸೆ ಬಿಟ್ಟಂತೆಯೇ ಧ್ವನಿಯಿರುತ್ತಿತ್ತು. ಅಲ್ಲಿ ವಾನ್ಲೆಸ್ ಸಾಹೇಬರು ೧೮೯೪ರಲ್ಲಿ ಕಟ್ಟಿದ ಮಿಶನ್ ದವಾಖಾನೆಗೆ ಗೋಕಾಕ ರೋಡ, ಘಟಪ್ರಭಾ ಸ್ಟೇಶನ್ನುಗಳಿಂದ ರೈಲು ಹತ್ತಿ ಹೋಗುವದು. ಅದರಾಚೆ ೧೯೪೧ರ ಮುಂಬಯಿಯ ಟಾಟಾ ಆಸ್ಪತ್ರೆ. ೧೯೭೩ರಿಂದ ಬೆಂಗಳೂರಿನ ಕಿದ್ವಾಯಿ. ಈಗ ಬೆಳಗಾವಿಯಲ್ಲಿಯೇ ಇಂಥ ಚಿಕಿತ್ಸೆಗಳಾಗುವವು. ೨೦೨೫ರ ಜನವರಿ ೩ರಂದು ರಾಷ್ಟ್ರಪತಿಗಳು ಕೆ. ಎಲ್. ಇ. ಸಂಸ್ಥೆಯ ಅರ್ಬುದ ಚಿಕಿತ್ಸಾಲಯವನ್ನು ಅಲ್ಲಿ ತೆರೆದರು. ಖರ್ಚಿನ ಭಯದಿಂದ ಮನೆಯಲ್ಲಿಯೇ ಕುಳಿತವರು ಇರುವದರಿಂದ ಇದನ್ನೂ ಹೇಳಬೇಕು: ೨೦೧೮ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯು ಬಡತನದ ರೇಷನ್ ಕಾರ್ಡಿನ ಕುಟುಂಬಕ್ಕೆ ವರುಷಕ್ಕೆ ೫ ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯನ್ನು ಕೊಡುವದು. ಕಾಗದಗಳು ಓಡಾಡಲು ದಿನಗಳು ಹಿಡಿಯುವವಾದ್ದರಿಂದ ಕಾಯುವ ತಿಂಗಳಿನ ಮೊದಲ ವಾರದಲ್ಲಿಯೇ ದವಾಖಾನೆಯ ಆರೋಗ್ಯಮಿತ್ರರನ್ನು ಕಾಣುವದು ಒಳ್ಳೆಯದು.

ನಾವು ಬೀಡಿ ಸಿಗರೇಟು ಸೇದಿದವರಲ್ಲ. ಧೂಮಪಾನ, ಬೊಜ್ಜು, ರಕ್ತದೊತ್ತಡ ಈ ಮೂರು ಈ ರೋಗಕ್ಕೆ ಹಾದಿಮಾಡುವವೆಂದು ಕೇಳಿದಾಗ ಮೊದಲನೆಯದಕ್ಕೆ ಎದೆಯುಬ್ಬಿಸಿ, ಮೂರನೆಯದಕ್ಕೆ ತಲೆ ತಗ್ಗಿಸಿದೆವು. ಒತ್ತಡದ ಗುಳಿಗೆಯನ್ನು ತಲೆ ನೊಂದ ದಿನ ಮಾತ್ರ ನುಂಗುತ್ತ ಎಂಟು ವರುಷ ಕಳೆದಿದ್ದೇವೆ. ಆ ಕಾರಣದಿಂದಲೇ ಬಂತೆಂದು ಯಾರೂ ಹೇಳಲಾರರೆಂದು ವೈದ್ಯರು ಅಂದರು. ಮನೆಯವರು ಏನೂ ಅನ್ನಲಿಲ್ಲ; ಈಗ ಮುಂಜಾನೆ ಏಳಕ್ಕೆ ಗುಳಿಗೆ, ನೀರಿನ ತಂಬಿಗೆ ಹಿಡಿದು ಎದುರಿಗೆ ನಿಲ್ಲುವರು, ನುಂಗುವವರೆಗೆ ಹೋಗುವದಿಲ್ಲ.

ಕಾಗದಪತ್ರಗಳ ಕೆಲಸ ಮುಗಿಯಿತು. ಮನೆಯ ಉತಾರ, ಪೆನ್ಶನ್ನಿನ ಪುಸ್ತಕ, ಬ್ಯಾಂಕಿನಲ್ಲಿ ವಾರಸುದಾರರ ಹೆಸರು, ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು, ಎಲ್ಲವನ್ನೂ ಒಂದು ವಹಿಯಲ್ಲಿ ಬರೆದು ಮಗನ ಕೈಗೆ ಕೊಟ್ಟೆವು. ಅವನು ಮೊದಲು "ಇದೆಲ್ಲಾ ಈಗ್ಯಾಕ ಅಪ್ಪಾ" ಎಂದನು. ಮೂಡಲಗಿಯ ಅತ್ತೆಯ ಕಡೆಗೆ ನೋಡೆಂದೆವು, ಸುಮ್ಮನೆ ತೆಗೆದುಕೊಂಡನು. ಆ ಸಂಜೆ ಅವನು ವರದಿಯ ದಿನ ಬಸ್ಸಿನಲ್ಲಿ ನಮ್ಮ ಕಡೆಗೆ ಯಾಕೆ ನೋಡಲಿಲ್ಲವೆಂಬುದನ್ನು ತಾನಾಗಿಯೇ ಹೇಳಿದನು. ಅದನ್ನು ಇಲ್ಲಿ ಬರೆಯುವದಿಲ್ಲ.

ದವಾಖಾನೆಗೆ ಒಯ್ಯುವ ಚೀಲ ಸಿದ್ಧವಾಗಿದೆ. ಎರಡು ಧೋತರ, ಹಳೆಯ ಕನ್ನಡಕ, ಸಿ. ಟಿ. ಚಿತ್ರಗಳ ಲಕೋಟೆ, ಹುಕ್ಕೇರಿಯ ಶಿಷ್ಯ ಹೇಳಿದಂತೆ ಕೆಮ್ಮುವಾಗ ಒತ್ತಿಕೊಳ್ಳಲು ಒಂದು ಸಣ್ಣ ದಿಂಬು. ಹೋಗುವ ದಿನ ನಸುಕಿನ ನಾಲ್ಕಕ್ಕೆ ಅವನೇ ಯಾರದೋ ಜೀಪು ತರುವನಂತೆ, ಬೇಡವೆಂದರೂ ಕೇಳಲಿಲ್ಲ. ಈ ಸಂಚಿಕೆಯು ತಮ್ಮ ಕೈಸೇರುವ ಹೊತ್ತಿಗೆ ಆ ದಿನ ಕಳೆದುಹೋಗಿರುವದು. ಮಗ್ಗಿಯ ಲೇಖನದ ಉತ್ತರಾರ್ಧವನ್ನು ಉಳಿದ ದಿನಗಳಲ್ಲಿ ಬರೆದು ಸಂಪಾದಕರಿಗೆ ಒಪ್ಪಿಸಿಯೇ ಹೊರಡುವೆವು. ಹದಿಮೂರರ ಮಗ್ಗಿಯಲ್ಲಿ ಮಕ್ಕಳು ಎಡವುವ ಜಾಗದಿಂದ ಅದು ಆರಂಭವಾಗುವದು.